ಜೀವಕೋಶಗಳಲ್ಲಿಯೂ ಸ್ವಾವಲಂಬನೆ

ಬೀಜವು ಪರರದಾದರೆ ಬೆಳೆಯೂ ಪರರ ಮರ್ಜಿಯಲ್ಲಿಯೇ ಇರುವದು. ಒಕ್ಕಲಿಗನು ಬಲ್ಲ ಈ ಸತ್ಯವು ಇಂದಿನ ಔಷಧವಿಜ್ಞಾನಕ್ಕೂ ಒಪ್ಪುತ್ತದೆ. ಹೃದಯಾಘಾತದಲ್ಲಿ ರಕ್ತದ ಹೆಪ್ಪನ್ನು ಕರಗಿಸುವ ಟಿ.ಪಿ.ಎ., ಸ್ತನದ ಕ್ಯಾನ್ಸರಿಗೆ ಕೊಡುವ ಟ್ರಾಸ್ಟುಜುಮ್ಯಾಬ್ ಮೊದಲಾದ ಔಷಧಗಳನ್ನು ಜೀವಂತ ಕೋಶಗಳೇ ತಯಾರಿಸಿಕೊಡುತ್ತವೆ. ಬೇಕಾದ ಜೀನನ್ನು ಕೋಶದೊಳಗೆ ಸೇರಿಸಿ, ಅದು ಪೀಳಿಗೆಯಿಂದ ಪೀಳಿಗೆಗೆ ಅಳಿಯದಂತೆ ನೆಲೆಗೊಳಿಸಿ, ಆ ಒಂದು ಕೋಶದಿಂದ ಬೆಳೆಸಿದ ಕುಲಕ್ಕೆ ಸ್ಥಿರ ಕೋಶಸಂತತಿಯೆಂದು ಹೆಸರು. 2020ರ ಕೋವಿಡ್ ಮಹಾಮಾರಿಯಲ್ಲಿ ವೈರಾಣುವು ಕೋಶವನ್ನು ಹೊಗುವ ಬಗೆಯನ್ನರಿಯಲು, ಏಸ್-2 ಎಂಬ ಜೀನು ಅತಿಯಾಗಿ ಕೆಲಸಮಾಡುವ ಇಂಥ ಸಂತತಿಗಳೇ ಸಂಶೋಧಕರಿಗೆ ನೆರವಾದವು.

ಈ ವಿದ್ಯೆಯ ಇತಿಹಾಸದಲ್ಲಿ ನಮ್ಮವನೊಬ್ಬನ ಪಾಲಿದೆ. 1957ರಲ್ಲಿ ಅಮೇರಿಕೆಯ ಥಿಯೋಡೋರ್ ಪಕ್ ಎಂಬವರು ಚೀನಾದ ಹ್ಯಾಮ್‌ಸ್ಟರ್ ಎಂಬ ಇಲಿಯಂಥ ಪ್ರಾಣಿಯ ಅಂಡಾಶಯದಿಂದ ಕೋಶಗಳನ್ನು ಬೆಳೆಸಿದರು. ಮುಂದೆ, ಡಿ.ಎಚ್.ಎಫ್.ಆರ್. ಎಂಬ ಕಿಣ್ವವಿಲ್ಲದ ಅವುಗಳ ಒಂದು ಬಗೆಯೊಳಗೆ ಆ ಕಿಣ್ವದ ಜೀನನ್ನೂ ಔಷಧದ ಜೀನನ್ನೂ ಜೊತೆಯಾಗಿ ಸೇರಿಸುವ ಕ್ರಮ ಬಂದಿತು. ಆ ಕಿಣ್ವವನ್ನು ತಡೆಯುವ ಮೆಥೋಟ್ರೆಕ್ಸೇಟನ್ನು ಮೆಲ್ಲಮೆಲ್ಲನೆ ಹೆಚ್ಚಿಸಿದರೆ, ಕಿಣ್ವದ ಜೀನನ್ನು ಅನೇಕ ಪಟ್ಟು ಮಾಡಿಕೊಂಡ ಕೋಶಗಳಷ್ಟೇ ಉಳಿಯುವವು. ಅದರೊಡನೆ ಔಷಧದ ಜೀನೂ ಪಟ್ಟು ಪಟ್ಟಾಗಿ ವೃದ್ಧಿಹೊಂದುವದು. ಆ ಮೆಥೋಟ್ರೆಕ್ಸೇಟಾದರೋ, 1940ರ ದಶಕದಲ್ಲಿ ಯಲ್ಲಾಪ್ರಗಡ ಸುಬ್ಬರಾವ್ ಅವರ ನೇತೃತ್ವದಲ್ಲಿ ಅಮೇರಿಕೆಯ ಲೆಡರ್ಲೆ ಪ್ರಯೋಗಶಾಲೆಯಲ್ಲಿ ಸಿದ್ಧವಾದುದು. ಮದ್ರಾಸಿನಲ್ಲಿ ಖಾದಿಯುಟ್ಟು ಆಂಗ್ಲ ಅಧ್ಯಾಪಕರ ಅವಕೃಪೆಗೆ ಗುರಿಯಾಗಿ, 1923ರಲ್ಲಿ ಸಮುದ್ರ ದಾಟಿದ ಪುರುಷರವರು. ನಮ್ಮವರ ಪ್ರತಿಭೆಯ ಫಲವು ಪರದೇಶದ ಕಣಜವನ್ನು ತುಂಬಿತು; ನಾವು ಅದನ್ನು ಕೊಳ್ಳುವವರಾದೆವು.

ನಮ್ಮಲ್ಲಿ ಸಾಮರ್ಥ್ಯವಿಲ್ಲವೆಂದು ಯಾರೂ ಹೇಳಲಾರರು. ಬೆಂಗಳೂರಿನ ಬಯೋಕಾನ್ ಸಂಸ್ಥೆಯು 2014ರಲ್ಲಿ ಟ್ರಾಸ್ಟುಜುಮ್ಯಾಬನ್ನು ಮೂಲ ಔಷಧಕ್ಕಿಂತ ಕಡಿಮೆ ಬೆಲೆಗೆ ಪೇಟೆಗೆ ತಂದಿತು. ಆದರೂ ಹೀಲಾ, ಹೆಕ್-293 ಮೊದಲಾಗಿ ನಮ್ಮ ಪ್ರಯೋಗಶಾಲೆಗಳ ನಿತ್ಯದ ಕೋಶಗಳು ಮೂಲತಃ ಅನ್ಯದೇಶದವು. ವಿಜ್ಞಾನಕ್ಕೆ ದೇಶಭೇದವಿಲ್ಲವೆಂದು ಕೆಲವರು ಆಕ್ಷೇಪಿಸಬಹುದು. ಒಪ್ಪಿದೆವು, ಆದರೆ ಪರವಾನಿಗೆಗೂ ಬೆಲೆಗೂ ದೇಶಭೇದವುಂಟು. ಮೇಲಾಗಿ, ಕೈಯಿಂದ ಕೈಗೆ ಸಾಗಿ ಬಂದ ಕೋಶಗಳು ಕುಲಗೆಡುವ ಭಯವೂ ಇದೆ. ಬೇರೆ ಬೇರೆ ಹೆಸರಿನ ಹಲವು ಸಂತತಿಗಳು ವಾಸ್ತವವಾಗಿ ಹೀಲಾ ಕೋಶಗಳೇ ಎಂದು 1966ರಲ್ಲಿ ಸ್ಟ್ಯಾನ್ಲಿ ಗಾರ್ಟ್ಲರ್ ತೋರಿಸಿಕೊಟ್ಟರು. ಬುಡವೇ ಸಂದಿಗ್ಧವಾದ ಮೇಲೆ ಸಂಶೋಧನೆಯ ಫಲವನ್ನು ನಂಬುವದೆಂತು?

ಆದುದರಿಂದ ಸರಕಾರಕ್ಕೆ ನಮ್ಮ ಸೂಚನೆಯಿಷ್ಟು: ಪ್ರಜೆಗಳ ಹಣದಿಂದ ಈ ದೇಶದಲ್ಲಿ ನಿರ್ಮಿತವಾದ ಪ್ರತಿಯೊಂದು ಕೋಶಸಂತತಿಯೂ ಪುಣೆಯ ರಾಷ್ಟ್ರೀಯ ಕೋಶವಿಜ್ಞಾನ ಕೇಂದ್ರದ ಭಂಡಾರಕ್ಕೆ ಸೇರಬೇಕು, ಅದರ ಕುಲಗೋತ್ರಗಳು ಪರೀಕ್ಷಿತವಾಗಿ ದಾಖಲಾಗಬೇಕು, ಸಣ್ಣ ಊರಿನ ಕಾಲೇಜಿಗೂ ಅದು ಅಲ್ಪ ವೆಚ್ಚದಲ್ಲಿ ದೊರೆಯಬೇಕು. ಚರಕದಿಂದ ನೂಲು ತೆಗೆದು ಸ್ವಾವಲಂಬನೆಯ ಪಾಠ ಕಲಿತ ಜನಾಂಗವು ಜೀವಕೋಶದ ವಿಷಯದಲ್ಲಿ ಆ ಪಾಠವನ್ನು ಮರೆಯಲಾಗದು.