ಕಿತ್ತವರು ಹಚ್ಚಲೂ ಬೇಕು

ಹೊಳೆದಂಡೆಯ ಪರದೇಶಿ ಕಳೆಯನ್ನು ಕಿತ್ತು ತೆಗೆಯುವ ಸ್ವಯಂಸೇವಕರು ಈಚೆಗೆ ನಾಡಿನಲ್ಲಿ ಅಲ್ಲಲ್ಲಿ ಕಾಣಿಸಿಕೊಳ್ಳುತ್ತಿರುವುದು ಸಂತೋಷದ ಸಂಗತಿಯು. ಆದರೆ ಕಿತ್ತ ಮಾತ್ರಕ್ಕೆ ಕಾರ್ಯವು ಮುಗಿಯಿತೆಂದು ಬಗೆಯುವವರಿಗೆ, ತುಂಗಭದ್ರೆಯ ದಂಡೆಯ ಕುಮಾರಪಟ್ಟಣಕ್ಕೆ ಸಂಬಂಧಿಸಿದ ಒಂದು ಹಿಂದಿನ ಪ್ರಕರಣವನ್ನು ನೆನಪಿಸುವುದು ನಮಗೆ ಉಚಿತವಾಗಿ ತೋರುತ್ತದೆ.

ಅಲ್ಲಿಯ ಹರಿಹರ ಪಾಲಿಫೈಬರ್ಸ್ ಕಾರಖಾನೆಗೆ ನೀಲಗಿರಿ ಮರದ ತಿರುಳು ಬೇಕಾಗಿತ್ತು. ಅದಕ್ಕಾಗಿ 1984ರಲ್ಲಿ ಸರಕಾರದ ಅರಣ್ಯ ನಿಗಮವೂ ಕಾರಖಾನೆಯೂ ಕೂಡಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಕಂಪನಿಯನ್ನು ಕಟ್ಟಿದವು. ನಾಲ್ಕು ಜಿಲ್ಲೆಗಳ ಸುಮಾರು 30,000 ಹೆಕ್ಟೇರು ಭೂಮಿಯು ಅದಕ್ಕೆ ಗೊತ್ತಾಯಿತು. ದಪ್ತರಿನಲ್ಲಿ ಅದು ಪಡಾ ಜಮೀನು. ಹಳ್ಳಿಗರಿಗಾದರೋ ದನದ ಮೇವೂ ಒಲೆಯ ಕಟ್ಟಿಗೆಯೂ ದೊರೆಯುತ್ತಿದ್ದುದು ಅಲ್ಲಿಯೇ. ದನವು ಬಾಯಿಡದ ಗಿಡವನ್ನು ಗೋಮಾಳದಲ್ಲಿ ನೆಟ್ಟರೆ ಆಗುವುದೇನೆಂಬುದು ಒಕ್ಕಲಿಗನಿಗೆ ತಿಳಿಯದ ವಿಷಯವಲ್ಲ. ಶಿವರಾಮ ಕಾರಂತರೂ ಸಮಾಜ ಪರಿವರ್ತನ ಸಮುದಾಯದವರೂ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು; 1987ರ ಮಾರ್ಚಿನಲ್ಲಿ ತಡೆಯಾಜ್ಞೆ ದೊರೆಯಿತು. ಅದೇ ವರ್ಷ ನವೆಂಬರ 14ರಂದು ಹಾನಗಲ್ಲ ತಾಲೂಕಿನ ಕುಸನೂರಿನಲ್ಲಿ ಜನರು ನೂರು ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಸಸಿಗಳನ್ನು ಅಲ್ಲಿಯೇ ನೆಟ್ಟರು. 'ಕಿತ್ತಿಕೋ-ಹಚ್ಚಿಕೋ' ಎಂಬ ಹೆಸರಿನಲ್ಲಿಯೇ ಆ ಸತ್ಯಾಗ್ರಹದ ಮರ್ಮವೆಲ್ಲ ಅಡಗಿದೆ. 1991ರಲ್ಲಿ ಆ ಕಂಪನಿಯನ್ನು ಮುಚ್ಚಲಾಯಿತು.

ಕಾರಖಾನೆಯಿಂದ ಅನೇಕ ಕುಟುಂಬಗಳಿಗೆ ಅನ್ನ ದೊರೆತಿದೆಯೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ತನ್ನ ಹೊಲದಲ್ಲಿ ನೀಲಗಿರಿಯನ್ನು ಬೆಳೆದು ಮಾರುವುದು ಆಗ ರೈತನ ಇಚ್ಛೆಗೆ ಬಿಟ್ಟದ್ದಾಗಿತ್ತು. ಆದರೆ ಊರೊಟ್ಟಿನ ಭೂಮಿಯನ್ನು ಊರವರನ್ನು ಕೇಳದೆ ಕೊಡುವ ಅಧಿಕಾರವು ಯಾರಿಗಿದೆ?

ನೀಲಗಿರಿಯು ಸರಕಾರದ ಆಜ್ಞೆಯಿಂದ ಬಂದಿತು. ಹೊಳೆದಂಡೆಯ ಕಳೆಯು ನಮ್ಮ ಔದಾಸೀನ್ಯದಿಂದ ಬಂದಿದೆ. ಬಳ್ಳಾರಿ ಜಾಲಿಯನ್ನು ಮೇಲೆ ಕಡಿದರೆ ಬೊಡ್ಡೆಯು ಮತ್ತೆ ಚಿಗುರುವುದು. ಅದರ ಬೀಜವು ದನದ ಸಗಣಿಯೊಡನೆ ಊರೂರು ಸುತ್ತುವುದು. ಪಟ್ಟಣದ ಹೊಲಸು ನೀರು ನದಿಗೆ ಹರಿಯುತ್ತಿರುವವರೆಗೆ ಜಲಕಳೆಗೆ ಗೊಬ್ಬರದ ಕೊರತೆಯಿಲ್ಲ. ಬರಿದಾದ ದಂಡೆಯಲ್ಲಿ ಹೊಂಗೆ, ನೇರಳೆ, ಮತ್ತಿಗಳನ್ನು ನೆಟ್ಟು ಎರಡು ಬೇಸಿಗೆ ಕಾಯದಿದ್ದರೆ, ಮುಂದಿನ ಮಳೆಗೆ ಅದೇ ಕಳೆಯು ಮರಳುವುದು ನಿಶ್ಚಯ.

ಆದುದರಿಂದ ಸ್ವಯಂಸೇವಕರಿಗೆ ಹೊಗಳಿಕೆಯ ಮಾತಿಗಿಂತ ನೆರವು ಬೇಕಾಗಿದೆ. ಪುರಸಭೆಯವರು ಗಟಾರದ ನೀರನ್ನು ಶುದ್ಧಮಾಡಿ ಬಿಡಲಿ. ಅರಣ್ಯ ಇಲಾಖೆಯವರು ಸಸಿ ಕೊಡಲಿ. ಯಾವ ಸಸಿಯೆಂಬುದನ್ನು ಮಾತ್ರ ಆ ದಂಡೆಯಲ್ಲಿ ದನ ಕಾಯುವವರನ್ನು ಕೇಳಿ ಗೊತ್ತುಮಾಡಲಿ. ಕುಸನೂರಿನ ಜನರು ಒಂದು ಕೈಯಿಂದ ಕಿತ್ತು ಇನ್ನೊಂದು ಕೈಯಿಂದ ಹಚ್ಚಿದರು. ಆ ಎರಡನೆಯ ಕೈಯನ್ನು ನಾವು ಮರೆಯಬಾರದು.