ದಾರಿಹೋಕನ ಪಾಲಿಗೆ ಕೈ ಹಾಕಬೇಡಿ

"ಹೋದ ವರ್ಷ ಕ್ಲೇಮ್ ಏನಾದ್ರೂ ತಗೊಂಡಿದ್ರಾ ಸಾರ್? ಇಲ್ಲ ಅಂತ ಹಾಕ್ಬಿಡ್ಲಾ? ಪ್ರೀಮಿಯಂ ಚೆನ್ನಾಗಿ ಇಳಿಯುತ್ತೆ."

ಕಾರಿನ ವಿಮೆ ಮುಗಿಯಲು ವಾರವಿದ್ದಾಗ ಏಜೆಂಟರೊಬ್ಬರು ಫೋನಿನಲ್ಲಿ ಕೇಳಿದ್ದು. ನಾನು ಕ್ಲೇಮ್ ತಗೊಂಡಿದ್ದೆ. ಗೇಟಿಗೆ ತಾಗಿ ಎಡಬಾಗಿಲು ನೆಗ್ಗಿತ್ತು. ಆದರೂ 'ಹಾಕ್ಬಿಡಿ' ಎಂಬ ಮಾತು ನಾಲಿಗೆಯ ತುದಿವರೆಗೆ ಬಂತು. ಸುಳ್ಳು ಹೇಳುತ್ತಿದ್ದೇನೆ ಅಂತ ಅನ್ನಿಸಲೇ ಇಲ್ಲ, ದುಡ್ಡು ಉಳಿಸುತ್ತಿದ್ದೇನೆ ಅನ್ನಿಸಿತು. ಫೋನ್ ಇಟ್ಟ ಮೇಲೆ ನನಗೆ ದಿಗಿಲಾದದ್ದು ಅದಕ್ಕೇ. ಅಂದು ಸಂಜೆ, ಆರು ವರ್ಷದಲ್ಲಿ ಮೊದಲ ಸಲ, ಪಾಲಿಸಿಯ ಹಾಳೆ ತೆಗೆದು ಕೂತು ಓದಿದೆ.

ಆ ಹಾಳೆಯಲ್ಲಿ ಎರಡು ಲೆಕ್ಕಗಳಿವೆ. 'ಓನ್ ಡ್ಯಾಮೇಜ್' ನಮ್ಮ ಕಾರಿನ ತಗಡು, ಗಾಜು, ಬಣ್ಣದ ಲೆಕ್ಕ. 'ಥರ್ಡ್ ಪಾರ್ಟಿ' ನಮ್ಮ ಕಾರು ಯಾರಿಗೆ ಗುದ್ದಿತೋ ಅವರ ಲೆಕ್ಕ. ಮೊದಲನೆಯದರಲ್ಲಿ ಎಷ್ಟು ಬೇಕಾದರೂ ಚೌಕಾಸಿ ಮಾಡಿ, ಮಾಡಲೇಬೇಕು. ಎರಡನೆಯದರ ತಂಟೆಗೆ ಹೋಗಬೇಡಿ. ನಾನು ಕೇಳಿಕೊಳ್ಳುವುದು ಇಷ್ಟೇ.

ಚೌಕಾಸಿ ಎಲ್ಲಿ ಮಾಡಬಹುದು ನೋಡಿ. ಕ್ಲೇಮ್ ಇಲ್ಲದ ಒಂದು ವರ್ಷಕ್ಕೆ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ಶೇ 20 ರಿಯಾಯಿತಿ. ಅದು ಶೇ 25, 35, 45 ಎಂದು ಏರಿ ಐದು ವರ್ಷಕ್ಕೆ ಶೇ 50 ಮುಟ್ಟುತ್ತದೆ. ಇದೇ ನೋ ಕ್ಲೇಮ್ ಬೋನಸ್. ಈಗ ಬಂಪರ್ ಒಡೆಯಿತು, ಹೊಸದಕ್ಕೆ 3,500 ರೂಪಾಯಿ ಎಂದುಕೊಳ್ಳಿ. ಮಾಮೂಲಿ ಪಾಲಿಸಿಯಲ್ಲಿ ಪ್ಲಾಸ್ಟಿಕ್ ಭಾಗಕ್ಕೆ ಸಿಗುವುದು ಅರ್ಧ ಬೆಲೆ, 1,750. ಅದರಲ್ಲಿ 1,500 ಸಿಸಿವರೆಗಿನ ಕಾರಿನವರು 1,000 ರೂಪಾಯಿಯನ್ನು ಕಡ್ಡಾಯವಾಗಿ ತಾವೇ ಭರಿಸಬೇಕು. ಕೈಗೆ ಬಂದದ್ದು 750. ಓನ್ ಡ್ಯಾಮೇಜ್ ಪ್ರೀಮಿಯಂ 8,000 ಇದ್ದು ಬೋನಸ್ ಅರ್ಧಕ್ಕೆ ಮುಟ್ಟಿದ್ದರೆ, ಮುಂದಿನ ವರ್ಷ ಕಳೆದುಕೊಂಡದ್ದು 4,000. ಇಂಥ ಬಂಪರನ್ನು ಕೈಯಿಂದ ಕೊಟ್ಟು ಹಾಕಿಸಿಕೊಳ್ಳುವುದೇ ಜಾಣತನ.

ಬೋನಸ್ ನಿಮ್ಮದು, ಕಾರಿನದಲ್ಲ. ಹಳೇ ಕಾರು ಮಾರಿದಾಗ ವಿಮಾ ಕಂಪನಿಯಿಂದ ಪತ್ರ ಪಡೆದುಕೊಂಡರೆ ಹೊಸ ಕಾರಿಗೆ ಅದೇ ರಿಯಾಯಿತಿ ಸಿಗುತ್ತದೆ. ಆದರೆ ಪಾಲಿಸಿ ಮುಗಿದು 90 ದಿನ ದಾಟಿದರೆ ಕೂಡಿಟ್ಟ ಬೋನಸ್ಸೆಲ್ಲ ನೀರುಪಾಲು. ಮಾಲೀಕ ಚಾಲಕನ 15 ಲಕ್ಷದ ಅಪಘಾತ ವಿಮೆಯನ್ನು ನಿಮ್ಮ ಹೆಸರಿನ ಇನ್ನೊಂದು ವಾಹನದ ಜೊತೆ ಆಗಲೇ ಕಟ್ಟಿದ್ದರೆ ಇಲ್ಲಿ ಮತ್ತೆ ಕಟ್ಟಬೇಕಿಲ್ಲ. ಬೇಡದ ಆಡ್-ಆನ್‌ಗಳನ್ನು ಒಂದೊಂದಾಗಿ ಕೇಳಿ ತೆಗೆಸಿ. ಆದರೆ 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರಿನ ಕಡೆ ಕಾರುಗಳು ಮುಳುಗಿದ್ದನ್ನು ಕಂಡವರು, ಬೇಸ್‌ಮೆಂಟಿನಲ್ಲಿ ಕಾರು ನಿಲ್ಲಿಸುವವರು, ಎಂಜಿನ್ ರಕ್ಷಣೆ ತೆಗೆಸುವ ಮುನ್ನ ಯೋಚಿಸಿ. ನೀರು ಹೊಕ್ಕ ಕಾರನ್ನು ಸ್ಟಾರ್ಟ್ ಮಾಡಿ ಎಂಜಿನ್ ಕೆಟ್ಟರೆ ಮಾಮೂಲಿ ಪಾಲಿಸಿ ಕೈ ಎತ್ತಿಬಿಡುತ್ತದೆ. ಇನ್ನು ಏಜೆಂಟರು ಐಡಿವಿ, ಅಂದರೆ ಕಾರಿನ ಘೋಷಿತ ಬೆಲೆ, ಇಳಿಸಿ 'ಕಡಿಮೆ ಮಾಡಿಸಿದ್ದೀನಿ' ಎಂದರೆ ಹಿಗ್ಗಬೇಡಿ. ಕಾರು ಕಳುವಾದ ದಿನ ಸಿಗುವುದು ಆ ಇಳಿಸಿದ ಬೆಲೆಯೇ.

ಇಷ್ಟೆಲ್ಲ ಉಳಿಸಿ. ಇಲ್ಲಿಂದ ಮುಂದಕ್ಕೆ ಉಳಿತಾಯದ ಮಾತು ಬೇಡ.

ಥರ್ಡ್ ಪಾರ್ಟಿ ದರವನ್ನು ನಿಗದಿ ಮಾಡುವುದು ಸರ್ಕಾರ, ಎಲ್ಲ ಕಂಪನಿಗೂ ಒಂದೇ. 2022ರ ಜೂನ್ 1ರಿಂದ ಜಾರಿಗೆ ಬಂದ ದರದಲ್ಲಿ 1,000ದಿಂದ 1,500 ಸಿಸಿ ಕಾರಿಗೆ ವರ್ಷಕ್ಕೆ 3,416 ರೂಪಾಯಿ. 75ರಿಂದ 150 ಸಿಸಿ ಬೈಕಿಗೆ 714. ತೆರಿಗೆ ಸೇರಿಸಿದರೂ ಕಾರಿಗೆ ದಿನಕ್ಕೆ ಹನ್ನೊಂದು ರೂಪಾಯಿ ಬಿತ್ತು. ದರ್ಶಿನಿಯಲ್ಲಿ ಒಂದು ಕಾಫಿಗೂ ಸಾಲದ ಈ ದುಡ್ಡಿಗೆ, ನಮ್ಮ ಕಾರು ಒಬ್ಬನ ಜೀವ ತೆಗೆದರೆ ನ್ಯಾಯಮಂಡಳಿ ವಿಧಿಸುವ ಪರಿಹಾರವನ್ನು ವಿಮಾ ಕಂಪನಿ ಕಟ್ಟಿಕೊಡುತ್ತದೆ.

ಇದನ್ನೂ ಕಟ್ಟದೆ ಓಡಿಸುವವರು ಎಷ್ಟು ಜನ? ದೇಶದಲ್ಲಿ ಅರ್ಧಕ್ಕೂ ಹೆಚ್ಚು ವಾಹನಗಳಿಗೆ ವಿಮೆಯಿಲ್ಲ ಎಂದು ಸಂಸದೀಯ ಸಮಿತಿಯೇ ಹೇಳಿದೆ. ಯಾಕೆ ಕಟ್ಟಿಲ್ಲ ಎಂದು ಕೇಳಿ ನೋಡಿ. 'ಇಲ್ಲೇ ಮಾರ್ಕೆಟ್ಟಿಗೆ ಹೋಗಿ ಬರೋ ಗಾಡಿ', 'ಪೊಲೀಸರು ಈ ರೋಡಲ್ಲಿ ನಿಲ್ಲಲ್ಲ'. 1988ರ ಮೋಟಾರು ವಾಹನ ಕಾಯ್ದೆ ವಿಮೆಯನ್ನು ಕಡ್ಡಾಯ ಮಾಡಿದ್ದು 2,000 ರೂಪಾಯಿ ದಂಡ ವಸೂಲಿಗಲ್ಲ. ಹಾಲು ತರಲು ರಸ್ತೆ ದಾಟುತ್ತಿದ್ದ ಮುದುಕಿಯ ಕಾಲು ನಮ್ಮ ಗಾಡಿಗೆ ಸಿಕ್ಕಿ ಮುರಿದರೆ, ಆಪರೇಷನ್ನಿಗೆ ಆಕೆಯ ಮಗ ಓಲೆ ಅಡವಿಡಬಾರದು ಎಂದು. ವಿಮೆ ಇಲ್ಲದಿದ್ದರೆ ಪರಿಹಾರವನ್ನು ಮಾಲೀಕನೇ ಕೊಡಬೇಕು. ಕೊಡಲು ಅವನಲ್ಲಿ ಇಲ್ಲದಿದ್ದರೆ ಆಕೆಯ ಕೈಯಲ್ಲಿ ಉಳಿಯುವುದು ಆದೇಶದ ಪ್ರತಿ ಮಾತ್ರ.

ನನ್ನ ನಾಲಿಗೆಯ ತುದಿಗೆ ಬಂದಿದ್ದ ಸುಳ್ಳಿಗೂ ಬೆಲೆಯಿದೆ. ಕ್ಲೇಮ್ ಮುಚ್ಚಿಟ್ಟು ಪಡೆದ ಬೋನಸ್ ಬಯಲಾದರೆ ಸ್ವಂತ ಕಾರಿನ ಪರಿಹಾರಕ್ಕೇ ಸಂಚಕಾರ. ವೈಟ್‌ಬೋರ್ಡ್ ಕಾರನ್ನು ಬಾಡಿಗೆಗೆ ಬಿಟ್ಟು ಖಾಸಗಿ ಕಾರಿನ ಪ್ರೀಮಿಯಂ ಕಟ್ಟುವವರಿಗೂ ಇದೇ ಗತಿ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ. ಮರುದಿನ ಏಜೆಂಟರಿಗೆ ಫೋನ್ ಮಾಡಿ, "ಕ್ಲೇಮ್ ಇತ್ತು, ಇತ್ತು ಅಂತಲೇ ಹಾಕಿ" ಎಂದೆ. ಅವರು ಒಂದು ಗಳಿಗೆ ಸುಮ್ಮನಿದ್ದು, "ಆಯ್ತು ಸಾರ್, ನಿಮ್ಮಿಷ್ಟ" ಎಂದರು.

ಓದುಗರೇ, ಪತ್ರಿಕೆ ಕೆಳಗಿಟ್ಟು ಮೊಬೈಲ್ ತೆಗೆಯಿರಿ. ಎಂ-ಪರಿವಾಹನ್ ಆ್ಯಪ್‌ನಲ್ಲಿ ನಿಮ್ಮ ಗಾಡಿ ನಂಬರ್ ಹಾಕಿದರೆ ವಿಮೆ ಎಂದಿನವರೆಗಿದೆ ಎಂದು ತೋರಿಸುತ್ತದೆ. ಕಾರಿನದಷ್ಟೇ ನೋಡಿ ಸುಮ್ಮನಾಗಬೇಡಿ. ಮಗ ಟ್ಯೂಷನ್ನಿಗೆ ಒಯ್ಯುವ ಸ್ಕೂಟರ್, ಊರಲ್ಲಿ ಅಪ್ಪ ತೋಟಕ್ಕೆ ಓಡಿಸುವ ಹಳೇ ಬೈಕು, ಅವುಗಳ ನಂಬರನ್ನೂ ಹಾಕಿ. ತಾರೀಖು ದಾಟಿದ್ದರೆ, ವಿಮೆ ಕಟ್ಟುವವರೆಗೆ ಆ ಗಾಡಿಯ ಕೀಲಿ ಮೊಳೆಯ ಮೇಲೇ ಇರಲಿ.