ಮುರಿದ ಮೇಲೆ ನೆರವು, ಮುರಿಯುವ ಮುನ್ನ ಮೌನ

2024ರ ಅಕ್ಟೋಬರ್ 29ರಂದು ಕೇಂದ್ರ ಸರಕಾರವು ಆಯುಷ್ಮಾನ್ ಭಾರತ ಯೋಜನೆಯ ಸೌಲಭ್ಯವನ್ನು, ಆದಾಯದ ಮಿತಿಯಿಲ್ಲದೆ, 70 ವರ್ಷ ತುಂಬಿದ ಹಿರಿಯರೆಲ್ಲರಿಗೂ ವಿಸ್ತರಿಸಿತು. ಕುಟುಂಬವೊಂದಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಆಸ್ಪತ್ರೆ ವೆಚ್ಚವನ್ನು ಭರಿಸುವ ಈ ಯೋಜನೆಯ ಕಾರ್ಡು ಹೊರರಾಜ್ಯದ ನೋಂದಾಯಿತ ಆಸ್ಪತ್ರೆಗಳಲ್ಲೂ ಸಲ್ಲುತ್ತದೆ. ಕೆಲವು ತಿಂಗಳು ಊರಿನಲ್ಲಿ, ಕೆಲವು ತಿಂಗಳು ಮುಂಬಯಿ, ಪುಣೆಗಳ ಮಕ್ಕಳ ಮನೆಯಲ್ಲಿ ಕಳೆಯುವ ಕನ್ನಡಿಗ ಹಿರಿಯರಿಗೆ ಇದು ನಿಜಕ್ಕೂ ಉಪಕಾರಿ. ಆದರೆ ಅಸ್ಥಿರಂಧ್ರತೆ, ಅಂದರೆ ಆಸ್ಟಿಯೊಪೊರೋಸಿಸ್, ಎಂಬ ಒಂದೇ ವ್ಯಾಧಿಯನ್ನು ಮುಂದಿಟ್ಟುಕೊಂಡು ನೋಡಿದರೆ ಈ ಯೋಜನೆಯ ಶಕ್ತಿಯೂ ಮಿತಿಯೂ ಏಕಕಾಲಕ್ಕೆ ಗೋಚರಿಸುತ್ತವೆ.

ಮೂಳೆಯು ಜಡವಸ್ತುವಲ್ಲ. ಹಳೆಯ ಮೂಳೆ ಕರಗಿ ಹೊಸದು ಕೂಡಿಕೊಳ್ಳುವ ಕ್ರಿಯೆ ಜೀವನಪರ್ಯಂತ ನಡೆಯುತ್ತಿರುತ್ತದೆ. ಸುಮಾರು 30ರ ವಯಸ್ಸಿನಲ್ಲಿ ಮೂಳೆಯ ಸಾಂದ್ರತೆ ಶಿಖರ ಮುಟ್ಟುತ್ತದೆ. ಆ ಬಳಿಕ ಕ್ರಮೇಣ ಆದಾಯಕ್ಕಿಂತ ವೆಚ್ಚವೇ ಹೆಚ್ಚಾಗುತ್ತದೆ. ಮಹಿಳೆಯರಲ್ಲಿ ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಕುಗ್ಗುವುದರಿಂದ ಈ ಸವೆತ ತೀವ್ರಗೊಳ್ಳುತ್ತದೆ. 50 ದಾಟಿದ ಮಹಿಳೆಯರಲ್ಲಿ ಮೂವರಿಗೊಬ್ಬರು, ಪುರುಷರಲ್ಲಿ ಐವರಿಗೊಬ್ಬರು ತಮ್ಮ ಮುಂದಿನ ಆಯುಷ್ಯದಲ್ಲಿ ಇಂತಹ ಮುರಿತಕ್ಕೆ ಗುರಿಯಾಗುತ್ತಾರೆಂಬುದು ಜಾಗತಿಕ ಅಂದಾಜು. ನೋವಿಲ್ಲ, ಜ್ವರವಿಲ್ಲ, ಮೂಳೆ ಮುರಿದಾಗಲೇ ರೋಗದ ಪರಿಚಯ.

ಮಣಿಕಟ್ಟು, ಬೆನ್ನೆಲುಬು, ಸೊಂಟದ ಬಳಿಯ ತೊಡೆಮೂಳೆ - ಇವು ಹೆಚ್ಚಾಗಿ ಮುರಿಯುವ ತಾಣಗಳು. ಬೆನ್ನೆಲುಬಿನ ಮುರಿತ ಅನೇಕ ವೇಳೆ ಗಮನಕ್ಕೇ ಬರುವುದಿಲ್ಲ; ಎತ್ತರ ಕುಗ್ಗಿ ಬೆನ್ನು ಬಾಗಿದರೆ 'ವಯಸ್ಸಾಯಿತು' ಎಂದು ಸುಮ್ಮನಾಗುತ್ತೇವೆ. ಸೊಂಟದ ಮುರಿತವಂತೂ ಅತ್ಯಂತ ಗಂಭೀರ. ಅದಕ್ಕೊಳಗಾದ ವೃದ್ಧರಲ್ಲಿ ಸುಮಾರು ಐವರಿಗೊಬ್ಬರು ಒಂದು ವರ್ಷದೊಳಗೆ ಮರಣ ಹೊಂದುತ್ತಾರೆ; ಬದುಕುಳಿದವರಲ್ಲಿ ಬಹಳಷ್ಟು ಮಂದಿ ಮೊದಲಿನಂತೆ ಸ್ವತಂತ್ರವಾಗಿ ಓಡಾಡಲಾರರು. ಲಿಫ್ಟ್ ಇಲ್ಲದ ಹಳೆಯ ಚಾಳಿನ ಮೂರನೆಯ ಮಹಡಿಯಲ್ಲಿರುವ ಹಿರಿಯರಿಗೆ ಇದರ ಅರ್ಥ ಗೃಹಬಂಧನವಲ್ಲದೆ ಬೇರೇನಲ್ಲ.

ಈಗ ಯೋಜನೆಯತ್ತ ಮರಳೋಣ. ಅದು ಒಳರೋಗಿಯ ಚಿಕಿತ್ಸೆಗೆ ಮಾತ್ರ ಅನ್ವಯ. ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾದರೆ ನೆರವು ದೊರೆಯುತ್ತದೆ. ಆದರೆ ಮುರಿಯುವ ಮುನ್ನವೇ ದೌರ್ಬಲ್ಯವನ್ನು ಪತ್ತೆಹಚ್ಚುವ ಡೆಕ್ಸಾ ಸ್ಕ್ಯಾನ್ ಹೊರರೋಗಿಯಾಗಿ ಮಾಡಿಸಿಕೊಳ್ಳುವ ಪರೀಕ್ಷೆ. ವಾರಕ್ಕೊಮ್ಮೆ ನುಂಗುವ ಅಲೆಂಡ್ರೊನೇಟ್ ಮಾತ್ರೆಯೂ ಮನೆಯಲ್ಲೇ ತೆಗೆದುಕೊಳ್ಳುವಂಥದು. ಬೆನ್ನೆಲುಬಿನ ಮುರಿತದ ಸಂಭವವನ್ನು ಸುಮಾರು ಅರ್ಧಕ್ಕೆ ಇಳಿಸಬಲ್ಲ ಔಷಧಿಗೆ ಹಿರಿಯರು ಕೈಯಿಂದಲೇ ತೆರಬೇಕು. 30 ದಾಟಿದವರಿಗಾಗಿ ಸರಕಾರ ನಡೆಸುವ ತಪಾಸಣೆಯಲ್ಲಿ ಮಧುಮೇಹ, ರಕ್ತದೊತ್ತಡ, ಕೆಲವು ಕ್ಯಾನ್ಸರುಗಳಿಗೆ ಸ್ಥಾನವಿದೆ, ಮೂಳೆಗೆ ಇಲ್ಲ. 2011ರ ಜನಗಣತಿಯಲ್ಲೇ 60 ದಾಟಿದವರು 10 ಕೋಟಿಗೂ ಮಿಕ್ಕಿದ್ದ ದೇಶದಲ್ಲಿ ಇದು ಸಣ್ಣ ಲೋಪವೆನ್ನಲಾಗದು.

ಇನ್ನೊಂದು ಲೋಪ ಆಸ್ಪತ್ರೆಗಳದು. ಒಂದು ಮುರಿತವಾದವರಿಗೆ ಮತ್ತೊಂದಾಗುವ ಸಂಭವ ಸುಮಾರು ಇಮ್ಮಡಿ. ಹೀಗಿದ್ದರೂ ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿ ಮನೆಗೆ ಕಳುಹಿಸುವಾಗ ಮೂಳೆಯ ಸಾಂದ್ರತೆಯ ಮಾತು ಎಷ್ಟೋ ಕಡೆ ಬರುವುದೇ ಇಲ್ಲ. ಬ್ರಿಟನ್ ಮುಂತಾದೆಡೆ ಪ್ರತಿ ಮುರಿತದ ರೋಗಿಯನ್ನೂ ಗುರುತಿಸಿ, ಪರೀಕ್ಷಿಸಿ, ಔಷಧಿ ಆರಂಭಿಸುವ ಪ್ರತ್ಯೇಕ ವ್ಯವಸ್ಥೆ ಅನೇಕ ಆಸ್ಪತ್ರೆಗಳಲ್ಲಿದೆ. ಅದಕ್ಕೆ ಬೇಕಾದುದು ದುಬಾರಿ ಯಂತ್ರಕ್ಕಿಂತ ಹೆಚ್ಚಾಗಿ ಜವಾಬ್ದಾರಿ ಹೊತ್ತ ಒಬ್ಬ ದಾದಿ ಮತ್ತು ಒಂದು ದಾಖಲೆ ಪುಸ್ತಕ.

ನಮ್ಮ ಜೀವನಕ್ರಮದ ಪಾಲೂ ಇಲ್ಲದಿಲ್ಲ. ಬಿಸಿಲಿನ ನಾಡಾದ ಭಾರತದಲ್ಲಿ ವಿಟಮಿನ್ ಡಿ ಕೊರತೆ ವ್ಯಾಪಕವಾಗಿದೆ. ಒತ್ತೊತ್ತಾದ ಕಟ್ಟಡಗಳ ನಡುವೆ ಬಾಳುವವರಿಗೆ ಬಿಸಿಲೂ ದುರ್ಲಭ. ಮುಟ್ಟು ನಿಂತ ಮಹಿಳೆಗೆ ದಿನಕ್ಕೆ 1,200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆಂದು ಐಸಿಎಂಆರ್ 2020ರಲ್ಲಿ ಸೂಚಿಸಿತು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ನಗರಕ್ಕೆ ಬಂದು ನಾವು ಮರೆತ ಮುದ್ದೆ, ಅಂಬಲಿಗಳ ಬೆಲೆ ಈಗ ತಿಳಿಯಬೇಕು. ಜೊತೆಗೆ ನಿತ್ಯ ನಡಿಗೆ, ಸ್ನಾನದ ಮನೆಯಲ್ಲಿ ಹಿಡಿಕೆ, ರಾತ್ರಿ ಒಂದು ಸಣ್ಣ ದೀಪ - ಇವೂ ಮುರಿತವನ್ನು ತಡೆಯುವ ಉಪಾಯಗಳೇ.

ಹೊರನಾಡಿನ ಕನ್ನಡ ಸಂಘಗಳು ನಡೆಸುವ ಆರೋಗ್ಯ ಶಿಬಿರಗಳಲ್ಲಿ ಮೂಳೆಗೂ ಸ್ಥಾನ ಸಿಗಲಿ. ಆದರೆ ಹಿಮ್ಮಡಿಗೆ ಯಂತ್ರ ಹಚ್ಚಿ ನೋಡುವ ಪರೀಕ್ಷೆಯೇ ಅಂತಿಮವಲ್ಲ; ಸಂಶಯವಿದ್ದವರನ್ನು ಡೆಕ್ಸಾ ಪರೀಕ್ಷೆಗೆ ಕಳುಹಿಸಬೇಕು. ಸರಕಾರದ ನೀತಿ ಬದಲಾಗಲು ಕಾಲ ಹಿಡಿಯಬಹುದು. ಅಲ್ಲಿಯವರೆಗೆ, ಮನೆಯ ಹಿರಿಯರಿಗೆ ಮುರಿತವಾದಾಗ ವೈದ್ಯರಲ್ಲಿ ಒಂದು ಪ್ರಶ್ನೆಯನ್ನು ತಪ್ಪದೆ ಕೇಳೋಣ: 'ಈ ಮೂಳೆ ಕೂಡಿಕೊಂಡೀತು; ಇನ್ನೊಂದು ಮುರಿಯದಿರಲು ಏನು ಮಾಡಬೇಕು?'